ಮಕ್ಕಳ ಕಣ್ಣಿನ ಶಸ್ತ್ರಚಿಕಿತ್ಸೆ: ಟ್ಯೂಬ್ ಮೇಲೋ, ಎಲ್‌ಎಂಎ ಮೇಲೋ?

ದಾವಣಗೆರೆಯಲ್ಲಿ ಮಕ್ಕಳ ಕಣ್ಣಿನ ಶಸ್ತ್ರಚಿಕಿತ್ಸೆಗಳಿಗೆ ಅರಿವಳಿಕೆ ಕೊಡುವಾಗ ಉಸಿರಾಟದ ದಾರಿ ತೆರೆದಿಡಲು ನಾನು ಶ್ವಾಸನಾಳದೊಳಕ್ಕೆ ಇಳಿಸುವ ಎಂಡೋಟ್ರೇಕಿಯಲ್ ಟ್ಯೂಬ್ ಮತ್ತು ಗಂಟಲಲ್ಲಿ ಕೂರಿಸುವ ಲಾರಿಂಜಿಯಲ್ ಮಾಸ್ಕ್ (ಎಲ್‌ಎಂಎ) ಎರಡನ್ನೂ ಬಳಸುತ್ತಾ ಬಂದಿದ್ದೇನೆ. ಕಣ್ಣುಗುಡ್ಡೆಯ ಒಳಗಿನ ಒತ್ತಡವೊಂದನ್ನೇ ನೋಡಿದರೆ ಎಲ್‌ಎಂಎ ಮೇಲು. ಆದರೆ ಆ ವ್ಯತ್ಯಾಸ ನನಗೆ ಹೆಚ್ಚು ಕಂಡದ್ದು ಹಾಕುವಾಗಲ್ಲ, ತೆಗೆಯುವಾಗ.

ಟ್ಯೂಬ್ ಹಾಕಬೇಕಾದರೆ ಗಂಟಲೊಳಗೆ ನೋಡುವ ಸಾಧನವಾದ ಲಾರಿಂಗೋಸ್ಕೋಪಿನಿಂದ ನಾಲಿಗೆಯ ಬುಡವನ್ನು ಎತ್ತಿ, ಧ್ವನಿತಂತುಗಳ ನಡುವೆ ಅದನ್ನು ಶ್ವಾಸನಾಳಕ್ಕೆ ಇಳಿಸಬೇಕು. ಆಗ ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಮಂಡಲ ಕೆರಳಿ, ನಾಡಿ ಮತ್ತು ರಕ್ತದೊತ್ತಡಗಳೊಂದಿಗೆ ಕಣ್ಣಿನ ಒತ್ತಡವೂ ಏರಿ, ಕೆಲವು ನಿಮಿಷಗಳ ನಂತರ ಇಳಿಯುತ್ತದೆ. ಬ್ರಿಟನ್ನಿನ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದ ಎಲ್‌ಎಂಎ ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಹುಟ್ಟು ಗ್ಲಾಕೋಮಾದ (ಕಣ್ಣಿನ ಒತ್ತಡ ಹೆಚ್ಚುವ ಕಾಯಿಲೆಯ) ಶಂಕೆಯಿಂದ ಜಗಳೂರು ಕಡೆಯಿಂದ ಬಂದಿದ್ದ, ಹನ್ನೊಂದು ಕಿಲೋ ತೂಕದ ಮಗುವಿಗೆ ಉಸಿರಿನ ಮೂಲಕ ಕೊಡುವ ಅರಿವಳಿಕೆ ಸೆವೊಫ್ಲುರೇನ್ ಕೊಟ್ಟು, ಮುಖದ ಮಾಸ್ಕಿನಲ್ಲಿರುವಾಗಲೇ ಕಣ್ಣಿನ ಒತ್ತಡ ಅಳೆಯುವ ಪರ್ಕಿನ್ಸ್ ಟೋನೋಮೀಟರಿನಿಂದ ಒತ್ತಡ ಅಳೆದೆವು. ಎರಡನೇ ಸೈಜಿನ ಎಲ್‌ಎಂಎ ಹಾಕಿ ಮತ್ತೆ ಅಳೆದಾಗ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಆ ಅಂಕಿಯನ್ನೇ ಅವಲಂಬಿಸಿರುವುದರಿಂದ, ಇಂಥ ತಪಾಸಣೆಯಲ್ಲಿ ಟ್ಯೂಬಿನ ಗೋಜಿಗೆ ನಾನು ಹೋಗುವುದಿಲ್ಲ. ಸೆವೊಫ್ಲುರೇನ್ ತಾನೇ ಒತ್ತಡವನ್ನು ತಗ್ಗಿಸುವ ಕಾರಣ ಅಳತೆ ಬೇಗ ಆಗಬೇಕೆಂಬುದನ್ನೂ ಮರೆಯಬಾರದು.

ಟ್ಯೂಬ್ ತೆಗೆಯುವ ಹೊತ್ತಿಗೆ ಮಗು ಎಚ್ಚರಗೊಳ್ಳುತ್ತಾ ಕೆಮ್ಮುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ಒಳಗಿರುವ ಕಣ್ಣಿನ ಒತ್ತಡ ಬಲವಾದ ಕೆಮ್ಮಿಗೆ ಕ್ಷಣಮಾತ್ರದಲ್ಲಿ 40 ದಾಟಬಲ್ಲದು. ಆಗಷ್ಟೇ ಹೊಲಿದ ಪೊರೆ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಇದು ಸಣ್ಣ ಸಂಗತಿಯಲ್ಲ. ಎಲ್‌ಎಂಎಯನ್ನಾದರೆ ಮಗು ಆಳವಾದ ಅರಿವಳಿಕೆಯಲ್ಲಿರುವಾಗಲೇ, ಪಕ್ಕಕ್ಕೆ ಮಲಗಿಸಿ, ಕೆಮ್ಮಿಲ್ಲದೆ ತೆಗೆಯುತ್ತೇನೆ.

ಹಾಗೆಂದು ಟ್ಯೂಬನ್ನು ಬದಿಗಿಡಲಾಗದು. ಶಸ್ತ್ರಚಿಕಿತ್ಸೆಯ ಬಟ್ಟೆಯಡಿ ಎಲ್‌ಎಂಎ ಜಾರಿ ಉಸಿರಾಟ ಅರೆಬರೆಯಾದರೆ ಇಂಗಾಲದ ಡೈಆಕ್ಸೈಡ್ ಏರಿ, ಅದೇ ಕಣ್ಣಿನ ಒತ್ತಡವನ್ನು ಹೆಚ್ಚಿಸುತ್ತದೆ. ತೀರಾ ಎಳೆಯ ಕೂಸುಗಳಲ್ಲಿ ಈ ಭಯ ಹೆಚ್ಚು. ಚಿನ್ನಿದಾಂಡು ಆಡುವಾಗ ಕಣ್ಣು ಸೀಳಿಕೊಂಡು, ಊಟ ಮಾಡಿದ ಹೊಟ್ಟೆಯಲ್ಲೇ ಬರುವ ಮಗುವಿಗೆ ಟ್ಯೂಬೇ ಬೇಕು, ಏಕೆಂದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವುದನ್ನು ಎಲ್‌ಎಂಎ ಟ್ಯೂಬಿನಷ್ಟು ಭದ್ರವಾಗಿ ತಡೆಯಲಾರದು. ಸ್ನಾಯುಗಳನ್ನು ಸಡಿಲಿಸುವ ಔಷಧಗಳಲ್ಲಿ ಸಕ್ಸಿನೈಲ್‌ಕೋಲಿನ್ ತಾನೇ ಕಣ್ಣಿನ ಒತ್ತಡ ಏರಿಸುವುದರಿಂದ ಇಂಥಲ್ಲಿ ನಾನು ರೊಕ್ಯುರೋನಿಯಂ ಆರಿಸಿಕೊಂಡು, ಸ್ನಾಯುಗಳು ಪೂರ್ತಿ ಸಡಿಲಾದ ಮೇಲೆಯೇ ಲಾರಿಂಗೋಸ್ಕೋಪ್ ಎತ್ತುತ್ತೇನೆ. ಅದೇ ವಾಂತಿಯ ಭಯದಿಂದ, ಕೊನೆಯಲ್ಲಿ ಮಗು ಎಚ್ಚರವಾದ ಮೇಲೆಯೇ ಟ್ಯೂಬ್ ತೆಗೆಯಬೇಕಾಗುತ್ತದೆ. ಅಷ್ಟರಲ್ಲಿ ಕಣ್ಣಿಗೆ ಹೊಲಿಗೆ ಬಿದ್ದಿರುತ್ತದೆ, ಕೆಮ್ಮು ತಗ್ಗಿಸಲು ಮುಂಚಿತವಾಗಿ ಲಿಗ್ನೋಕೇನ್ ಕೊಟ್ಟಿರುತ್ತೇನೆ.