ಕರೆಂಟ್ ಬಂತು, ಎಲಿವೇಟರ್ ತಾನೇ ಎದ್ದಿತು

ನಮ್ಮದು ಗಂಗಾವತಿ ಕಡೆಯ ಒಂದು ಸಣ್ಣ ರೈಸ್ ಮಿಲ್. ಬೇಸಿಗೆ ಬೆಳೆಯ ಭತ್ತ ಬಂದು ಬೀಳುವ ಹೊತ್ತಿಗೇ ಗಾಳಿ-ಮಳೆಯೂ ಶುರುವಾಗುತ್ತದೆ. ಎಲ್ಲೋ ಒಂದು ಟೊಂಗೆ ತಂತಿಗೆ ತಾಗಿದರೆ ಸಾಕು, ಇಲ್ಲಿ ಬಲ್ಬು ಒಮ್ಮೆ ಮಿಣುಕಿ ಸರಿಯಾಗುತ್ತದೆ. ಅಷ್ಟರಲ್ಲಿ ಕೆಲವು ಮೋಟರ್ ನಿಂತಿರುತ್ತವೆ. ವೋಲ್ಟೇಜ್ ಅರ್ಧದಷ್ಟಾದರೆ ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್, ಅಂದರೆ ಮೋಟರ್‌ಗೆ ಕರೆಂಟ್ ಕೊಡುವ ಸ್ವಿಚ್, ಕೈಬಿಟ್ಟುಬಿಡುತ್ತದೆ.

ಎಲ್ಲವೂ ಒಟ್ಟಿಗೆ ನಿಲ್ಲುವುದಿಲ್ಲ, ಅದೇ ಕಷ್ಟ. ಭತ್ತವನ್ನು ಮೇಲಕ್ಕೆತ್ತುವ ಬಕೆಟ್ ಎಲಿವೇಟರ್ ನಿಂತು, ಅದಕ್ಕೆ ಭತ್ತ ಸುರಿಯುವ ಯಂತ್ರ ಓಡುತ್ತಲೇ ಇದ್ದರೆ ಬುಡದಲ್ಲಿ ಭತ್ತ ಕಟ್ಟಿಕೊಂಡು ಚೋಕ್. ಬಾಗಿಲು ತೆಗೆದು ಕೈಯಿಂದಲೇ ಬಾಚಬೇಕು. ಹೋದ ವರ್ಷ ಒಂದೇ ದಿನ ನಾಲ್ಕು ಸಲ ಹೀಗಾಗಿ ನನಗೆ ತಲೆ ಕೆಟ್ಟಿತ್ತು. ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ.

"ಧಣ್ಯಾರ, ಹೊಲದ ಪಂಪ್‌ಸೆಟ್‌ಗೆ ಆಟೋ ಹಾಕ್ತೀವಲ್ರಿ, ಅದನ್ನ ಇದಕ್ಕೂ ಹಾಕ್ತೀನಿ. ಕರೆಂಟ್ ಬಂದ ಕೂಡಲೇ ತಾನ ಓಡತೈತಿ" ಅಂದ. ನಾನು ಹೂಂ ಅಂದೆ. ಬೋರ್‌ವೆಲ್ ಒಳಗೆ ಯಾರೂ ಕೈ ಹಾಕುವುದಿಲ್ಲ, ಎಲಿವೇಟರ್ ಬುಡಕ್ಕೆ ದಿನಾ ಹಾಕುತ್ತಾರೆ. ಇಷ್ಟು ನನಗೆ ಹೊಳೆಯಬೇಕಿತ್ತು ಅಲ್ವಾ?

ಮೂರು ವಾರ ಚೆನ್ನಾಗೇ ನಡೆಯಿತು. ಒಂದು ಸಂಜೆ ಗುಡುಗಿಗೆ ಕರೆಂಟ್ ಹೋಯಿತು, ಹತ್ತು ನಿಮಿಷವಾದರೂ ಬರಲಿಲ್ಲ. ಸುಮ್ನೆ ಕೂರುವ ಬದಲು ಚೋಕ್ ಬಿಡಿಸೋಣ ಅಂತ ನಮ್ಮ ಹುಡುಗನೊಬ್ಬ ಬಾಗಿಲು ತೆಗೆದು ಮೊಣಕೈವರೆಗೆ ಕೈ ಹಾಕಿದ್ದ. ಕರೆಂಟ್ ಬಂತು. ಬೆಲ್ಟ್ ಎಳೆಯಿತು. ಯಾರೂ ಬಟನ್ ಮುಟ್ಟಿರಲಿಲ್ಲ. ಅವನ ಬಲಗೈಯ ಎರಡು ಬೆರಳು ಹೋದವು.

ಯಂತ್ರಗಳ ವಿದ್ಯುತ್ ಭಾಗಕ್ಕೆ ಐಇಸಿ 60204-1 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗಿ ಅಪಾಯವಾಗುವಂತಿದ್ದರೆ ಅದನ್ನು ತಡೆಯಲೇಬೇಕು ಅನ್ನುತ್ತದೆ ಅದು. ವೋಲ್ಟೇಜ್ ಶೇಕಡಾ 10ರಷ್ಟು ಏರಿಳಿದರೆ ಯಂತ್ರ ತಾಳಿಕೊಳ್ಳಬೇಕು ಅಂತಲೂ ಇದೆ. ನಮ್ಮ 415 ವೋಲ್ಟ್‌ಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 373ರಿಂದ 456. ತಾಳಿಕೊಳ್ಳುವುದು ಬೇರೆ, ಬಿದ್ದು ತಾನೇ ಎದ್ದು ಓಡುವುದು ಬೇರೆ. ನಾನು ಎರಡನ್ನೂ ಕಲಸಿಬಿಟ್ಟೆ. ಒಮ್ಮೆ ಬಿದ್ದ ಕಾಂಟ್ಯಾಕ್ಟರ್ ಮತ್ತೆ ಹಸಿರು ಬಟನ್ ಒತ್ತುವ ತನಕ ಏಳುವುದಿಲ್ಲವಲ್ಲ, ಅದೇ ಕಾವಲು. ಆ ಕಾವಲನ್ನು ನಾನು ದುಡ್ಡು ಕೊಟ್ಟು ತೆಗೆಸಿದ್ದೆ. ಬಟನ್‌ಗೆ ಬೆಂಕಿಕಡ್ಡಿ ಸಿಕ್ಕಿಸಿ ಓಡಿಸುವವರನ್ನೂ ನೋಡಿದ್ದೇನೆ, ಅದೂ ಕಾವಲು ತೆಗೆದಂತೆಯೇ.

ಈಗ ಆಟೋ ಕಿತ್ತಾಗಿದೆ. ಅರ್ಧ ಸೆಕೆಂಡ್ ಮಾತ್ರ ಕಾಂಟ್ಯಾಕ್ಟರ್ ಹಿಡಿದಿಡುವ ಆಫ್-ಡಿಲೇ ಹಾಕಿಸಿದೆವು. ಬಲ್ಬು ಮಿಣುಕುವಷ್ಟು ಹೊತ್ತಿನ ತೊಂದರೆ ದಾಟಿಹೋಗುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಬಿದ್ದದ್ದು ಬಿದ್ದೇ ಇರುತ್ತದೆ. ಎಲಿವೇಟರ್ ನಿಂತರೆ ಅದಕ್ಕೆ ಸುರಿಯುವ ಯಂತ್ರವೂ ನಿಲ್ಲುವಂತೆ ಇಂಟರ್‌ಲಾಕ್ ಕೊಟ್ಟಿದ್ದೇವೆ. ಎರಡೇ ವೈರ್‌ನ ಕೆಲಸ. ಮೊದಲೇ ಮಾಡಿಸಿದ್ದರೆ ಚೋಕೂ ಇರುತ್ತಿರಲಿಲ್ಲ, ಆಟೋನೂ ಬೇಕಾಗುತ್ತಿರಲಿಲ್ಲ.

ಇನ್ನೊಂದು: ಕಾಂಟ್ಯಾಕ್ಟರ್ ಹಿಡಿದಿಡುವ ಕಾಯಿಲ್ ಎರಡು ಫೇಸ್ ನಡುವೆ ಇರುವ ಸ್ಟಾರ್ಟರ್‌ಗೆ ಮೂರನೇ ಫೇಸ್ ಹೋದರೂ ಗೊತ್ತಾಗುವುದಿಲ್ಲ. ಮೋಟರ್ ಉಳಿದೆರಡರಲ್ಲೇ ಹೆಚ್ಚು ಕರೆಂಟ್ ಎಳೆದು ಸುಡುತ್ತದೆ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದಿದ್ದರೆ ಹಾಕಿಸಿ.

ಬಾಗಿಲು ತೆಗೆಯುವ ಮುಂಚೆ ಆ ಯಂತ್ರದ ಕರೆಂಟ್ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ ಇಳಿಸಿ ಬೀಗ ಹಾಕಬೇಕು, ಕೈ ಹಾಕುವವನ ಜೇಬಲ್ಲೇ ಕೀಲಿ ಇರಬೇಕು. ಕರೆಂಟ್ ಇಲ್ಲದಾಗಲೂ ಅಷ್ಟೇ.

ಇವತ್ತು ಮಿಲ್ ಮುಚ್ಚುವ ಮುಂಚೆ ಒಂದು ಕೆಲಸ ಮಾಡಿ. ಎಲ್ಲರನ್ನೂ ಯಂತ್ರಗಳಿಂದ ದೂರ ಕಳಿಸಿ, ಬಾಗಿಲುಗಳೆಲ್ಲ ಮುಚ್ಚಿ. ಯಂತ್ರಗಳು ಖಾಲಿ ಓಡುತ್ತಿರುವಾಗ ಮೇನ್ ಇಳಿಸಿ. ಒಂದು ನಿಮಿಷ ಬಿಟ್ಟು ಏರಿಸಿ. ಯಾವ ಬೆಲ್ಟ್ ತಾನಾಗಿ ಅಲುಗಾಡಿತೋ, ಅದರ ಸ್ಟಾರ್ಟರ್ ಬಿಚ್ಚಿಸಿ ಸರಿಮಾಡಿಸುವ ತನಕ ನಾಳೆ ಅದನ್ನು ಓಡಿಸಬೇಡಿ.