ವಿಮರ್ಶಕರು ಒಂದಂದರು, ಅಭಿಮಾನಿಗಳು ಇನ್ನೊಂದಂದರು: ಮೂರು ಪೊಕೆಮಾನ್ ಆಟ ಆಡಿ ನೋಡಿದ ಮೇಲೆ

ಪೊಕೆಮಾನ್ ಆಟ ಕೊಳ್ಳುವಾಗ ಯಾರ ಮಾತು ಕೇಳಬೇಕು? ನಾನು ಎಲ್ಲ ಥರವೂ ಮಾಡಿ ನೋಡಿದ್ದೇನೆ. 'ಸ್ವೋರ್ಡ್' ತಗೊಂಡಿದ್ದು ವಿಮರ್ಶಕರನ್ನು ನಂಬಿ, 'ಲೆಜೆಂಡ್ಸ್: ಆರ್ಸಿಯಸ್' ಗೆಳೆಯರ ಕಾಟಕ್ಕೆ, 'ಸ್ಕಾರ್ಲೆಟ್' ಎರಡು ಕಡೆಯವರೂ ಮುಖ ಸಿಂಡರಿಸಿದ ಮೇಲೆ.

ಸ್ವೋರ್ಡ್ ಬಂದಿದ್ದು 2019ರ ನವೆಂಬರ್‌ನಲ್ಲಿ. ಆಗ ಜಗಳ ನಡೆದದ್ದು ಆಟದಲ್ಲಿ ಏನಿದೆ ಅಂತಲ್ಲ, ಯಾರಿಲ್ಲ ಅಂತ. ಹಳೆಯ ಆಟಗಳಲ್ಲಿ ಸಾಕಿದ ಪೊಕೆಮಾನ್‌ಗಳನ್ನು ಹೊಸದಕ್ಕೆ ಕರೆತರುವುದು ರೂಢಿ. ಈ ಸಲ ಆಟ ನಡೆಯುವ ನಾಡಾದ ಗಾಲಾರ್‌ನ ಪಟ್ಟಿಯಲ್ಲಿದ್ದದ್ದು 400. ಎಷ್ಟೋ ಪೊಕೆಮಾನ್‌ಗಳಿಗೆ ಬಾಗಿಲು ಬಂದ್. ಗಾಲಾರ್ ಬ್ರಿಟನ್ನಿನ ಅಚ್ಚು ತಾನೆ, ಅಭಿಮಾನಿಗಳು ಪೊಕೆಡೆಕ್ಸ್ (ಪೊಕೆಮಾನ್ ಪಟ್ಟಿ) ಜತೆ ಬ್ರೆಕ್ಸಿಟ್ ಬೆರೆಸಿ ಇದಕ್ಕೆ 'ಡೆಕ್ಸಿಟ್' ಅಂತ ಹೆಸರಿಟ್ಟರು. ವಿಮರ್ಶಕರು ತಲೆ ಕೆಡಿಸಿಕೊಳ್ಳಲಿಲ್ಲ, ವಿಮರ್ಶಕರ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ತಾಣದಲ್ಲಿ ನೂರಕ್ಕೆ 80 ಬಂತು. ನನಗೂ ಡೆಕ್ಸಿಟ್ ತಟ್ಟಲಿಲ್ಲ. ಕರೆತರಲು ನನ್ನ ಹತ್ತಿರ ಯಾರಿದ್ದರು? ನನ್ನ ಬಾಲ್ಯದ ಪೊಕೆಮಾನ್ ಅಂದರೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹಿಂದಿ ಮಾತಾಡುತ್ತಿದ್ದ ಕಾರ್ಟೂನಿನ ಹೀರೊ ಆಶ್, ಜತೆಗೆ ಚಿಪ್ಸ್ ಪ್ಯಾಕೆಟ್ಟಿನ ಟ್ಯಾಜೋ ಬಿಲ್ಲೆ. ಆಟ ಸಲೀಸಾಗಿ ಮುಗಿಯಿತು, ಕಪಾಟು ಸೇರಿತು.

2022ರ ಜನವರಿಯಲ್ಲಿ ಬಂದ ಆರ್ಸಿಯಸ್ ಬೇರೆಯೇ ಜಾತಿ. ಹುಲ್ಲಲ್ಲಿ ಕೂತು, ತೆವಳಿ, ಬೆನ್ನ ಹಿಂದಿನಿಂದ ಚೆಂಡೆಸೆದು ಪೊಕೆಮಾನ್ ಹಿಡಿಯಬೇಕು. ಶುರುವಿನಲ್ಲೇ ಒಂದು ಬಯಲಿದೆ, ಅಲ್ಲಿ ಕೆಂಗಣ್ಣಿನ ರಾಪಿಡ್ಯಾಶ್ ಅಡ್ಡಾಡುತ್ತಿರುತ್ತದೆ. 40ನೇ ಲೆವೆಲ್ಲಿನ ಬೆಂಕಿ ಕುದುರೆ. ನನ್ನ ಮರಿಗಳಿನ್ನೂ ಹತ್ತರ ಆಸುಪಾಸು. ಕುದುರೆ ನೋಡೋಣ ಅಂತ ಹತ್ತಿರ ಹೋದೆ. ಅದು ನನ್ನ ಪೊಕೆಮಾನ್ ಮೇಲೆ ಬರಲಿಲ್ಲ, ನನ್ನ ಮೇಲೇ ಬಂತು! ಎದ್ದಾಗ ಚೀಲದ ಸಾಮಾನೂ ಒಂದಿಷ್ಟು ಮಾಯ. ಇಷ್ಟು ವರ್ಷದ ಪೊಕೆಮಾನ್‌ನಲ್ಲಿ ಹೆದರಿ ಓಡಿದ್ದು ಅವತ್ತೇ. ಮರಗಿಡ, ಬಂಡೆಗಳ ಚಿತ್ರ ಮಂಕು ಅಂತ ವಿಮರ್ಶಕರು, ಅಭಿಮಾನಿಗಳು ಇಬ್ಬರೂ ಗೊಣಗಿದರು, ಇಬ್ಬರೂ ಮೆಚ್ಚಿದರು. ಅಂಕ 83.

ಅದೇ ವರ್ಷ ನವೆಂಬರ್‌ನಲ್ಲಿ ಸ್ಕಾರ್ಲೆಟ್, ಅದರ ಜೋಡಿ ಆಟ ವಯೊಲೆಟ್. ದೂರದ ಗಾಳಿಯಂತ್ರಗಳು ತಡವರಿಸುತ್ತ ತಿರುಗುವ ವಿಡಿಯೊಗಳು ಎಲ್ಲೆಲ್ಲೂ ಹರಿದಾಡಿದವು. ಸ್ಕಾರ್ಲೆಟ್‌ಗೆ ಸಿಕ್ಕಿದ್ದು 72. ಅಪ್‌ಡೇಟ್ ಟಿಪ್ಪಣಿಯಲ್ಲಿ ಆಟ ಹೊರತಂದ ನಿಂಟೆಂಡೊ ಕ್ಷಮೆಯನ್ನೂ ಕೇಳಿತು. ಆದರೆ ಮೊದಲ 3 ದಿನಕ್ಕೆ ಎರಡೂ ಸೇರಿ 1 ಕೋಟಿ ಪ್ರತಿ ಖಾಲಿ. ಬೈದವರೇ ಕೊಂಡವರು ಅನ್ನುವುದು ನನ್ನ ಗುಮಾನಿ. ಈ ಮಂದಿ ಹಾಗೇ: ಆಶ್ ಗೆಲ್ಲುವುದೇ ಇಲ್ಲ ಅಂತ ವರ್ಷಗಟ್ಟಲೆ ಗೋಳಾಡಿದರು, 2022ರಲ್ಲಿ ಅವನು ವಿಶ್ವ ಚಾಂಪಿಯನ್ ಆಗಿ ಮರುವರ್ಷ ವಿದಾಯ ಹೇಳಿದಾಗ ಅದಕ್ಕೂ ಅತ್ತರು.

ಸ್ಕಾರ್ಲೆಟ್‌ನಲ್ಲಿ ನನ್ನನ್ನು ಹಿಡಿದಿಟ್ಟದ್ದು ಆರ್ವೆನ್ ಅನ್ನುವ ಹುಡುಗನ ನಾಯಿ ಪೊಕೆಮಾನ್. ಪೆಟ್ಟು ತಿಂದು ಮಲಗಿದ ಮಬಾಸ್ಟಿಫ್‌ಗೆ ಆ ಹುಡುಗ ಗಿಡಮೂಲಿಕೆ ಹುಡುಕಿ ತಂದು ಸ್ಯಾಂಡ್‌ವಿಚ್ ಮಾಡಿ ತಿನ್ನಿಸುತ್ತಾನೆ. ಒಂದು ಮೂಲಿಕೆಗೆ ಕಣ್ಣು ಬಿಡುತ್ತದೆ, ಹೀಗೇ ಒಂದೊಂದಾಗಿ ಚೇತರಿಕೆ. ಅದು ಎದ್ದು ನಿಂತಾಗ ನಾನು ಕನ್ಸೋಲ್ ಕೆಳಗಿಟ್ಟು ಸುಮ್ಮನೆ ಕೂತೆ. ಇಂಥದ್ದಕ್ಕೆ ಮೆಟಾಕ್ರಿಟಿಕ್‌ನಲ್ಲಿ ಎಷ್ಟು ಅಂಕ?

ನಿಂಟೆಂಡೊದ ಕನ್ಸೋಲ್ ಸ್ವಿಚ್ 2ಕ್ಕೆ ಅಪ್‌ಡೇಟ್ ಬಂದು ಸ್ಕಾರ್ಲೆಟ್ ಈಗ ನುಣುಪಾಗಿ ಓಡುತ್ತದೆ. 72 ಮಾತ್ರ ಅಲ್ಲೇ ಕೂತಿದೆ. ನಾನಿನ್ನೂ ಆಡುತ್ತಿರುವುದು ಅದನ್ನೇ. ಹೊಸಬರು ಕೇಳಿದರೆ ಆರ್ಸಿಯಸ್ ಕೈಗಿಡುತ್ತೇನೆ, ಆ ಕುದುರೆಯ ವಿಷಯ ಹೇಳದೆ.