ಕಿಟಕಿಯ ಕುಂಡಕ್ಕೆ ಯಾವುದು: ಕೋಳಿಜುಟ್ಟೋ, ಗರಿ ಸೆಲೋಷಿಯಾವೋ, ಗಾಂಫ್ರೀನಾವೋ?

ದಂಟು, ಹರಿವೆ ಸೊಪ್ಪುಗಳ ಕುಟುಂಬಕ್ಕೆ ಸೇರಿದ ಹೂಗಿಡಗಳಲ್ಲಿ ನಮ್ಮ ನರ್ಸರಿಗಳಲ್ಲಿ ಸುಲಭವಾಗಿ ಸಿಗುವವು ಮೂರು: ತಲೆಯ ಮೇಲೆ ಮಖಮಲ್ಲಿನ ಮಡಿಕೆಯಂತೆ ಹೂ ಬಿಡುವ ಕೋಳಿಜುಟ್ಟು, ಗರಿಗರಿಯಾಗಿ ಮೇಲೇಳುವ ತೆನೆಯ ಸೆಲೋಷಿಯಾ, ಗುಂಡು ಹೂಗಳ ಗಾಂಫ್ರೀನಾ. ಈ ಮೂರನ್ನೂ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ, ಬಾಲ್ಕನಿಯ ನೆರವು ಪಡೆಯದೆ, ಕಿಟಕಿಯ ಕಟ್ಟೆಯ ಮೇಲೆಯೇ ಬೆಳೆಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಒಂದೇ ಕುಂಡಕ್ಕೆ ಜಾಗವಿರುವವರು ಗರಿ ಸೆಲೋಷಿಯಾವನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಕೆಂಪು ಜಡೆಯಂತೆ ತೆನೆಯನ್ನು ಇಳಿಬಿಡುವ ನಾಲ್ಕನೆಯ ಬಗೆಯೊಂದಿದೆ. ಮೂರರಿಂದ ಐದು ಅಡಿ ಎತ್ತರಕ್ಕೆ ಬೆಳೆಯುವ ಆ ಗಿಡ ಮನೆಯೊಳಗಿನ ಕುಂಡಕ್ಕೆ ಒಗ್ಗುವಂಥದ್ದಲ್ಲವಾದ್ದರಿಂದ ಅದನ್ನು ಇಲ್ಲಿ ಪರಿಗಣಿಸಿಲ್ಲ.

ಈ ಗಿಡಗಳ ಆರೈಕೆಯಲ್ಲಿ ಗೊಬ್ಬರ, ಮಣ್ಣು, ನೀರು ಎಲ್ಲಕ್ಕಿಂತ ಮುಂದೆ ನಿಲ್ಲುವುದು ಬೆಳಕು. ಮೂರೂ ಬಯಲಿನ ಬಿಸಿಲಿನ ಗಿಡಗಳೇ. ಆದರೂ ಅವುಗಳ ನಡುವೆ ಒಂದು ವ್ಯತ್ಯಾಸವಿದೆ: ಗಾಂಫ್ರೀನಾ, ಜೋಳ ಮತ್ತು ಕಬ್ಬಿನ ಹಾಗೆ, ಸಿ-4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಗಿಡ, ಅಂದರೆ ಸುಡುಬಿಸಿಲಿನಲ್ಲಿಯೇ ಅದರ ಶಕ್ತಿ ಹೊರಬರುತ್ತದೆ. ಅದೇ ಕುಟುಂಬದವಾದರೂ ಕೋಳಿಜುಟ್ಟು ಮತ್ತು ಗರಿ ಸೆಲೋಷಿಯಾಗಳು ಭತ್ತ, ಗೋಧಿಗಳಂತೆ ಸಿ-3 ಬಗೆಯವು. ಇದರಿಂದ ಅವು ನೆರಳಿನ ಗಿಡಗಳೇನೂ ಆಗುವುದಿಲ್ಲ. ಆದರೆ ಒಂದೇ ಕಿಟಕಿಯಲ್ಲಿ ಪಕ್ಕಪಕ್ಕದಲ್ಲಿ ಇಟ್ಟಾಗ ಗಾಂಫ್ರೀನಾ ಸೊರಗಿ ಉದ್ದುದ್ದ ಬೆಳೆದರೂ ಸೆಲೋಷಿಯಾ ಒಂದಿಷ್ಟು ಮೈತುಂಬಿಕೊಂಡೇ ನಿಂತದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಯಾವ ಕಿಟಕಿ ಎಂಬ ಪ್ರಶ್ನೆಗೆ ವಿದೇಶಿ ತೋಟಗಾರಿಕೆಯ ಬರಹಗಳು ಕೊಡುವ ಉತ್ತರ ದಕ್ಷಿಣ ದಿಕ್ಕಿನದು. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮಗೆ ಅದು ಅರ್ಧ ವರ್ಷದ ಮಟ್ಟಿಗೆ ಮಾತ್ರ ನಿಜ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ, ಮತ್ತೆ ದಕ್ಷಿಣಕ್ಕೆ ಬರುವುದು ಆಗಸ್ಟ್ ಮಧ್ಯಭಾಗದ ನಂತರ. ಹೀಗಾಗಿ ಮೇ, ಜೂನ್‌ಗಳಲ್ಲಿ ದಕ್ಷಿಣದ ಕಿಟಕಿಯಲ್ಲಿ ನೇರ ಬಿಸಿಲೇ ಇರುವುದಿಲ್ಲ. ಮೇಲೆ ಸಜ್ಜವಿದ್ದರಂತೂ ಮಾರ್ಚ್‌ನಲ್ಲಿಯೇ ಬಿಸಿಲು ಹೊರಗೆ ಉಳಿಯುತ್ತದೆ. ನಾನು ನೋಡಿದಂತೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ದಕ್ಷಿಣದ ಕಿಟಕಿ ಮೂರೂ ಗಿಡಗಳಿಗೆ ಬೇರೆಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ, ಆ ಕಾಲದಲ್ಲಿ ಗಾಂಫ್ರೀನಾ ಕೂಡ ಅಲ್ಲಿ ಹೂ ಬಿಟ್ಟಿತು. ವರ್ಷವಿಡೀ ಒಂದೇ ಜಾಗದಲ್ಲಿ ಇಡಬೇಕೆನ್ನುವವರಿಗೆ ಪೂರ್ವದ ಕಿಟಕಿ ವಾಸಿ. ಪಶ್ಚಿಮದ ಬಿಸಿಲು ಸಾಕಷ್ಟು ಸಿಕ್ಕರೂ ಬೇಸಿಗೆಯ ಸಂಜೆ ಕುಂಡ ಕಾದು, ನೀರು ಹಾಕಿದ ದಿನವೇ ಎಲೆ ಜೋತುಬಿದ್ದು, ಮರುದಿನ ಚೇತರಿಸಿಕೊಳ್ಳುವ ಆಟ ನಡೆಯುತ್ತಲೇ ಇರುತ್ತದೆ. ಎಲ್ಲಿಟ್ಟರೂ ಗಾಜಿನಿಂದ ಒಂದಡಿಯೊಳಗೆ ಇಡಬೇಕು. ಕಣ್ಣಿಗೆ ಕೋಣೆಯೆಲ್ಲ ಬೆಳಗಿದಂತೆ ಕಂಡರೂ ನಾಲ್ಕಡಿ ಒಳಗಿನ ಟೀಪಾಯಿಯ ಮೇಲೆ ಇವುಗಳಲ್ಲಿ ಯಾವುದೂ ಬದುಕು ಕಟ್ಟಿಕೊಳ್ಳಲಾರದು.

ನೋಟಕ್ಕೆ ಕೋಳಿಜುಟ್ಟನ್ನು ಮೀರಿಸುವುದು ಕಷ್ಟ. ಬೆಳೆಯುವ ತುದಿಯೇ ಒಂದು ಬಿಂದುವಾಗಿ ಉಳಿಯದೆ ಗೆರೆಯಾಗಿ ಹಿಗ್ಗಿ, ಮಡಿಚಿಕೊಂಡು ಆ ಜುಟ್ಟು ರೂಪುಗೊಳ್ಳುತ್ತದೆ. ಆದ್ದರಿಂದಲೇ ಅದರ ನಡುಗುಡಿಯನ್ನು ಚಿವುಟುವಂತಿಲ್ಲ. ಚಿವುಟಿದರೆ ದೊಡ್ಡ ಜುಟ್ಟು ಹೋಗಿ, ಪಕ್ಕದ ಕವಲುಗಳಲ್ಲಿ ಪುಟ್ಟ ಪುಟ್ಟ ಜುಟ್ಟುಗಳಷ್ಟೇ ಬರುತ್ತವೆ. ಮನೆಯೊಳಗೆ ಇದರ ತೊಂದರೆ ಇರುವುದೂ ಆ ಮಡಿಕೆಗಳಲ್ಲಿಯೇ. ಮೇಲಿನಿಂದ ನೀರು ಚಿಮುಕಿಸಿದರೆ ಹನಿಗಳು ಸಂದಿನಲ್ಲಿ ಕುಳಿತುಬಿಡುತ್ತವೆ, ಗಾಳಿಯಾಡದ ಕೋಣೆಯಲ್ಲಿ ಅವು ಆರುವುದಿಲ್ಲ, ಕೆಲವೇ ದಿನಗಳಲ್ಲಿ ಕಡುಗೆಂಪಿನ ನಡುವೆ ಕಂದು ಕಲೆ ಹುಟ್ಟಿ, ಬೆರಳಿನಿಂದ ಒತ್ತಿದರೆ ಮೆತ್ತಗಾಗಿರುವುದು ತಿಳಿಯುತ್ತದೆ. ಧೂಳು ಕೂಡ ಅಲ್ಲಿಯೇ ಸೇರಿಕೊಳ್ಳುತ್ತದೆ, ಒರೆಸಲು ಬರುವುದಿಲ್ಲ. ಬಣ್ಣ ಬಳಿಯುವ ಮೆತ್ತನೆಯ ಕುಂಚವೊಂದೇ ಉಪಾಯ. ಇನ್ನೊಂದು, ಬೆಳಕು ಸಾಲದೆ ಕಾಂಡ ತೆಳ್ಳಗಾದ ಗಿಡಕ್ಕೆ ಜುಟ್ಟಿನ ಭಾರ ಹೊರಲಾಗದು, ಕಡ್ಡಿಯ ಊರೆ ಕೊಡಲೇಬೇಕಾಗುತ್ತದೆ.

ಗಾಂಫ್ರೀನಾ ಇದಕ್ಕೆ ತದ್ವಿರುದ್ಧ. ನೀರು ಒಂದೆರಡು ದಿನ ತಪ್ಪಿದರೂ ಸಹಿಸುತ್ತದೆ, ಹೂವಿಗೆ ಕೊಳೆ ತಗಲುವುದು ಅಪರೂಪ. ನಾವು ಹೂ ಎಂದು ನೋಡುವುದು ಕಾಗದದಂತೆ ಒರಟಾದ ಬಣ್ಣದ ಪುಷ್ಪಪತ್ರಗಳನ್ನು, ಅಂದರೆ ಹೂವಿನ ಬುಡದ ಪುಟ್ಟ ಎಲೆಗಳನ್ನು. ನಿಜವಾದ ಹೂ ಅವುಗಳ ಸಂದಿನಿಂದ ಇಣುಕುವ, ಸಾಸಿವೆಗಿಂತ ಚಿಕ್ಕದಾದ ನಸುಹಳದಿ ಚುಕ್ಕಿ. ಒಣಗಿದ ಮೇಲೂ ಬಣ್ಣ ಉಳಿಯುವುದು ಇದೇ ಕಾರಣಕ್ಕೆ. ಆದರೆ ಮನೆಯೊಳಗಿನ ಮಂದ ಬೆಳಕಿನಲ್ಲಿ ಇದರ ಗೆಣ್ಣುಗಳ ನಡುವಿನ ಅಂತರ ಹಿಗ್ಗಿ, ಒಂದು ಗಿಡಕ್ಕೆ ಬೆರಳೆಣಿಕೆಯ ಹೂಗಳು ಬಂದರೆ ಹೆಚ್ಚು. ನನ್ನ ಮಟ್ಟಿಗೆ ಇದನ್ನು ತಾರಸಿಯಲ್ಲಿ ಬೆಳೆಸಿ, ಹೂಗಳನ್ನು ಕಾಂಡಸಮೇತ ಕೊಯ್ದು, ತಲೆಕೆಳಗಾಗಿ ನೇತುಹಾಕಿ ಒಣಗಿಸಿ, ಹೂದಾನಿಯಲ್ಲಿಟ್ಟರೆ ಮನೆಯೊಳಗೆ ಅದೇ ಹೆಚ್ಚು ಕಾಲ ಸೊಗಸಾಗಿರುತ್ತದೆ.

ಗರಿ ಸೆಲೋಷಿಯಾ ಇವೆರಡರ ನಡುವಿನದು. ಗಿಡ ಗೇಣುದ್ದ ಬೆಳೆದಾಗ ನಡುಚಿಗುರನ್ನು ಚಿವುಟಿದರೆ ಕವಲೊಡೆದು ಹಲವು ತೆನೆಗಳು ಬರುತ್ತವೆ. ಒಂದು ಬಾಡುವ ಹೊತ್ತಿಗೆ ಇನ್ನೊಂದು ತಲೆಯೆತ್ತಿರುತ್ತದೆ. ತೆನೆ ಸಡಿಲವಾಗಿರುವುದರಿಂದ ತೇವ ಬೇಗ ಆರುತ್ತದೆ. ಒಂದಡಿಯೊಳಗೆ ನಿಲ್ಲುವ ಗಿಡ್ಡ ತಳಿಗಳನ್ನೇ ಕೇಳಿ ತರಬೇಕು. ಬೀಟ್‌ರೂಟಿನಲ್ಲಿರುವ ಬೀಟಲೈನ್ ಬಗೆಯ ವರ್ಣದ್ರವ್ಯವೇ ಇದರ ಕೆಂಪಿಗೂ ಕಾರಣ. ಬೆಳಕು ಇಳಿದಂತೆ ಆ ಕೆಂಪು ತಿಳಿಯಾಗುತ್ತದೆ. ಕುಂಡವನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಸರಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೆ ಬೇಕಿಲ್ಲ.

ನೀರಿನ ವಿಷಯದಲ್ಲಿ ಮೇಲಿನಿಂದ ಹಾಕುವುದನ್ನೂ ತಟ್ಟೆಯಿಂದ ಹೀರಿಸುವುದನ್ನೂ ಹೋಲಿಸಿದೆ. ಮಣ್ಣಿನ ಮೇಲ್ಪದರ ಒಂದು ಇಂಚು ಒಣಗಿದ ನಂತರ ತಟ್ಟೆಯಲ್ಲಿ ನೀರು ತುಂಬಿ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲುವುದು ಮೂರಕ್ಕೂ ಹಿತವಾಯಿತು, ಕೋಳಿಜುಟ್ಟಿಗಂತೂ ಬೇರೆ ದಾರಿಯೇ ಇಲ್ಲ. ಚೆಲ್ಲದೆ ಬಿಟ್ಟ ತಟ್ಟೆ ಬೇರು ಕೊಳೆಯಲು ಸಾಕು. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡ ಹಗುರವಾದರೂ ಒಳಗೆ ಬಹಳ ಹೊತ್ತು ಒದ್ದೆಯಾಗಿರುತ್ತದೆ. ಕೆಂಪುಮಣ್ಣು, ಮರಳು, ಎರೆಗೊಬ್ಬರಗಳ ಸಮಪಾಲಿನ ಮಿಶ್ರಣ ಮನೆಯೊಳಗೆ ಮೇಲು. ಅದೇ ಕಾರಣಕ್ಕೆ ಪ್ಲಾಸ್ಟಿಕ್‌ಗಿಂತ ಮಣ್ಣಿನ ಕುಂಡ. ಸಾರಜನಕ ಹೆಚ್ಚಾದರೆ ಸೊಪ್ಪು ಬೆಳೆದೀತು, ಹೂವಲ್ಲ.

ಕೀಟಗಳಲ್ಲಿ ಮನೆಯೊಳಗೆ ಕಾಡುವುದು ಕೆಂಪು ನುಸಿ. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡ ಕೂಡಲೇ ಎಲೆಯನ್ನು ಮಗುಚಿ ಬೆಳಕಿಗೆ ಹಿಡಿದರೆ ನರಗಳ ಪಕ್ಕದಲ್ಲಿ ಸಣ್ಣ ಬಲೆಯೂ ಅದರಲ್ಲಿ ಚಲಿಸುವ ಕಣಗಳೂ ಕಾಣುತ್ತವೆ. ಒಣಗಾಳಿಯ ಫೆಬ್ರವರಿ, ಮಾರ್ಚ್‌ಗಳಲ್ಲಿ ಮೂರಕ್ಕೂ ಇದು ತಗಲಿತು. ಎಲೆಯ ತಳಭಾಗವನ್ನು ನೀರಿನಿಂದ ತೊಳೆದು, ಸಂಜೆಯ ಹೊತ್ತು ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸಬೇಕು, ಹೂವಿಗೆ ಸೋಕದಂತೆ.

ಕೊನೆಯದಾಗಿ ಗಿಡ ಕೊಳ್ಳುವುದೋ ಬೀಜ ಹಾಕುವುದೋ ಎಂಬ ಆಯ್ಕೆ. ಅರಳಿದ ಗಿಡವನ್ನು ನರ್ಸರಿಯ ಬಿಸಿಲಿನಿಂದ ನೇರವಾಗಿ ಕೋಣೆಗೆ ತಂದರೆ ಕೆಳಗಿನ ಎಲೆಗಳು ಉದುರುತ್ತವೆ, ಆದರೂ ಇರುವ ಹೂ ಕೆಲವು ವಾರ ನಿಲ್ಲುತ್ತದೆ; ಹಬ್ಬಕ್ಕೆ, ಸಮಾರಂಭಕ್ಕೆ ಕೋಳಿಜುಟ್ಟು ಬೇಕೆನಿಸಿದವರು ಹೀಗೆ ತರುವುದೇ ಸರಿ. ಗರಿ ಸೆಲೋಷಿಯಾವನ್ನಾದರೆ ಬೇರು ಕದಲಿಸದೆ ಅದೇ ಕುಂಡದಲ್ಲಿ ಬಿತ್ತಿ ಬೆಳೆಸುವುದು ಒಳ್ಳೆಯದು, ಎರಡೂವರೆ ಮೂರು ತಿಂಗಳಲ್ಲಿ ತೆನೆ ಕಾಣುತ್ತದೆ. ಇದು ಹಗಲು ಚಿಕ್ಕದಾದಾಗ ಬೇಗ ಹೂ ಬಿಡುವ ಗಿಡ. ರಾತ್ರಿ ಹನ್ನೊಂದರವರೆಗೂ ದೀಪ ಉರಿಯುವ ಹಜಾರಕ್ಕಿಂತ ಬೇಗ ಕತ್ತಲಾಗುವ ಕೋಣೆಯಲ್ಲಿಟ್ಟ ಕುಂಡವೇ ನಮ್ಮಲ್ಲಿ ಮೊದಲು ತೆನೆ ಹಿಡಿಯಿತು. ಗಿಡದ ಆಯುಸ್ಸು ಒಂದೇ ಹಂಗಾಮಿನದು. ತೆನೆಯ ಬುಡ ಬಿಳಿಚಿಕೊಂಡಾಗ ಕಾಗದವೊಂದನ್ನು ಹಿಡಿದು ತಟ್ಟಿದರೆ ಹೊಳೆಯುವ ಕರಿಬೀಜಗಳು ಉದುರುತ್ತವೆ; ಹೈಬ್ರಿಡ್ ತಳಿಯಾಗಿದ್ದರೆ ಅವುಗಳಿಂದ ತಾಯಿಗಿಡದ್ದೇ ಬಣ್ಣವನ್ನೂ ಎತ್ತರವನ್ನೂ ನಿರೀಕ್ಷಿಸುವಂತಿಲ್ಲ, ಪ್ರತಿ ಸಲ ಹೊಸ ಪೊಟ್ಟಣ ತರಬೇಕು.